ಪೆಟ್ಟು ತಿನ್ನದ ಆಟಗಾರ

"ಹನ್ನೊಂದು ಫೋಟೋ ಅದಾವ. ಹನ್ನೊಂದರಾಗೂ ನಿಮಗ ಒಂದೂ ಪೆಟ್ಟು ಬಿದ್ದಿಲ್ಲ. ಇದು ಹೆಂಗ್ರಿ?"

ಈರಬಸಪ್ಪ ಪತ್ರಿಕೆಯನ್ನು ಮೇಜಿನ ಮೇಲೆ ಅಗಲಿಸಿಟ್ಟು, ಮೊದಲ ಚಿತ್ರದ ಮೂಲೆಯಲ್ಲಿ ಆಟಗಾರನ ಜೀವ ಎಷ್ಟು ಉಳಿದಿದೆಯೆಂದು ತೋರಿಸುವ ಸಣ್ಣ ಅಂಕಿಯ ಮೇಲೆ ಬೆರಳೂರಿದ. ನೂರು. ಎರಡನೆಯ ಚಿತ್ರದಲ್ಲೂ ನೂರು. ಸುತ್ತಲೂ ಕಬ್ಬಿಣದ ಜೇಡಗಳು ಬೆಂಕಿ ಕಾರುತ್ತಿದ್ದ ಏಳನೆಯ ಚಿತ್ರದಲ್ಲೂ ನೂರು.

ಬಸವಪ್ರಭು ಖುರ್ಚಿಯನ್ನು ಹಿಂದಕ್ಕೆ ವಾಲಿಸಿಕೊಂಡು ನಕ್ಕ. ಇಪ್ಪತ್ತೇಳು ವರ್ಷದ, ತೆಳ್ಳನೆಯ, ಜಮಖಂಡಿ ಕಡೆಯ ಹುಡುಗ. ಪುಣೆಯಿಂದ ಹೊರಡುವ 'ಬಟನ್' ಎಂಬ ಇಂಗ್ಲಿಷ್ ಪಾಕ್ಷಿಕದಲ್ಲಿ ಕಂಪ್ಯೂಟರ್ ಆಟಗಳ ವಿಮರ್ಶೆ ಬರೆಯುವುದು ಅವನ ಕೆಲಸ. ವಿಮರ್ಶೆಯೆಂದರೆ ಅವನ ಮಟ್ಟಿಗೆ ಆಟ ಮಾಡಿದವನ ಮಾನ ಕಳೆಯುವುದು. ಓದುಗರು ಕಾಗದ ಬರೆದು, ಮುಂದಿನ ಸಲ ಇಂಥವನ ಮಾನ ಕಳೆಯಿರಿ ಎಂದು ಬೇಡಿಕೊಳ್ಳುತ್ತಿದ್ದರು. ಪುಣೆ ದೊಡ್ಡ ಊರು, ಎಲ್ಲ ಬಗೆಯ ಹಸಿವೂ ಇಲ್ಲಿದೆ.

ಚಿಂಚವಾಡದ ನಾಲ್ಕಂತಸ್ತಿನ ಕಟ್ಟಡದ ಮೇಲಿಂದ ಶಿವಪ್ರಕಾಶನನ್ನು ಯಾರೋ ನೂಕಿ ಕೊಂದು ಆರು ದಿನವಾಗಿತ್ತು. 'ಕಾಪರ್ ಮೂನ್ 2' ಎಂಬ ಈ ಆಟವನ್ನು ಮಾಡಿದವನು ಅವನೇ. ಅವನ ಕುತ್ತಿಗೆಯ ಮೇಲೆ ಬೆರಳಿನ ಗುರುತುಗಳಿದ್ದವು, ಅವನ ಕಂಪ್ಯೂಟರಿನೊಳಗಿನ ಹಾರ್ಡ್ ಡಿಸ್ಕು ಕಾಣೆಯಾಗಿತ್ತು. ಶನಿವಾರ ಮಣ್ಣಾಯಿತು. ಸೋಮವಾರ 'ಬಟನ್' ಅಂಗಡಿಗೆ ಬಂತು, ಅದರಲ್ಲಿ ಬಸವಪ್ರಭುವಿನ ಈ ವಿಮರ್ಶೆ ಇತ್ತು.

'ಆಟ ನಡೆಯುವ ಚಂದ್ರನ ಮೇಲೆ ಗಾಳಿಯಿಲ್ಲ, ಆಟದಲ್ಲಿ ಉಸಿರಿಲ್ಲ. ಮೊದಲ ಭಾಗ ಆಡಿ ಸುಮ್ಮನಾದವರು ಪುಣ್ಯವಂತರು. ಎರಡನೆಯದನ್ನು ಮಾಡಿದವನನ್ನು ಅದರೊಳಗೇ ಕೂಡಿಹಾಕಬೇಕು. ಬಾಗಿಲು ಹುಡುಕಿಕೊಂಡು ಹೊರಗೆ ಬಂದರೆ ಕ್ಷಮಿಸೋಣ.'

ಸತ್ತವನ ತಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಷ್ಟು ಮಟ್ಟಿಗೆ ದೇವರು ದೊಡ್ಡವನು.

"ನಾ ಚಲೋ ಆಡ್ತೀನ್ರಿ ಸರ," ಎಂದ ಬಸವಪ್ರಭು. "ಚಲೋ ಆಡಾವ್ರಿಗೆ ಪೆಟ್ಟು ಬೀಳೂದಿಲ್ಲ."

"ನಾಳೆ ಹನ್ನೊಂದಕ್ಕ ಭೀಮು ಮ್ಯಾಜಿಸ್ಟ್ರೇಟ್ ಮುಂದ ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತತಾನ. ಗೊತ್ತದನ?"

"ಪೇಪರಿನಾಗ ಓದೀನಿ."

ಭೀಮು ಪಕ್ಕದ ಕಟ್ಟಡದ ಗೋಡೆಗೆ ಸಿಮೆಂಟಿನ ಗಿಲಾಯಿ ಬಳಿಯುತ್ತಿದ್ದ ಯಾದಗಿರಿ ಕಡೆಯ ಕೂಲಿ. ಸಿಮೆಂಟಿನ ಧೂಳು ಕಿಟಕಿಯಿಂದ ಒಳಗೆ ಬರುತ್ತದೆಂದು ಶಿವಪ್ರಕಾಶ ಎರಡು ದಿನ ಮೊದಲು ಅವನೊಡನೆ ಜಗಳವಾಡಿದ್ದ. ಜಗಳದಲ್ಲಿ ಭೀಮು, "ಕೆಳಗ ಒಗೀತೀನಿ ನೋಡು," ಎಂದುಬಿಟ್ಟಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು. ಮೂರೂಕಾಲಿಗೆ ಹಿಂದಿನ ಸಂದಿಯಲ್ಲಿ ಏನೋ ದೊಪ್ಪೆಂದು ಬಿದ್ದ ಸದ್ದು ಕೇಳಿತೆಂದು ಚಹಾದ ಅಂಗಡಿಯವನು ಹೇಳಿದ. ಮೂರೂಕಾಲಿಗೆ ಭೀಮು ಅಲ್ಲೇ ಇದ್ದ. ಉಳಿದದ್ದನ್ನು ಲಾಕಪ್ಪಿನ ಲಾಠಿ ಹೇಳಿಸಿತು. ಒಪ್ಪಿಕೊಳ್ಳದಿದ್ದರೆ ನಿನ್ನ ತಾಯಿಯನ್ನೂ ಎಳೆದು ತರುತ್ತೇವೆ ಎಂದ ಮೇಲೆ ಅವನು ಎಲ್ಲದಕ್ಕೂ ಹೂಂ ಎಂದ.

ಆ ತಾಯಿ ಅವ್ವಮ್ಮ ಈಗ ಇದೇ ಆಫೀಸಿನ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಇಟ್ಟಿಗೆ ಹೊತ್ತು ಹೊತ್ತು ಅವಳ ನೆತ್ತಿಯ ಕೂದಲು ಸವೆದಿತ್ತು. ಒಳಗೆ ಬಾ ಎಂದರೂ ಬಂದಿರಲಿಲ್ಲ, ಇಷ್ಟು ನುಣ್ಣನೆಯ ನೆಲವನ್ನು ತುಳಿಯಲು ಅವಳಿಗೆ ಅಂಜಿಕೆ. ಮಗನನ್ನು ಬಿಡಿಸಿಕೊಡಿ ಎಂದು ಅವಳು ಈರಬಸಪ್ಪನ ಕಾಲು ಹಿಡಿದಿದ್ದಳು, ಪೊಲೀಸನಲ್ಲದಿದ್ದರೂ ಅವನು ಒಪ್ಪಿಕೊಂಡು, ಈ ವಿಮರ್ಶೆಯ ವಿಷ ಓದಿ ಬಸವಪ್ರಭುವಿನ ಬೆನ್ನು ಹತ್ತಿದ್ದ.

"ಗುರುವಾರ ನೀವು ಎಲ್ಲಿದ್ರಿ?"

"ಎಷ್ಟು ಸಲ ಹೇಳಬೇಕ್ರಿ? ಇದೇ ಖೋಲ್ಯಾಗ. ಮುಂಜಾನೆ ಹತ್ತರಿಂದ ಸಂಜಿ ಆರರ ತನಕ ಆಟ ಆಡಿದೆ, ಫೋಟೋ ತಗದೆ, ಬರದೆ. ಸಂಜೀಕೇ ಪತ್ರಿಕಿ ಅಂಕ ಪ್ರೆಸ್ಸಿಗೆ ಹೋತು. ಬರೇ ಕೂತಿದ್ರ ಆ ಫೋಟೋ ಆಕಾಶದಿಂದ ಬೀಳ್ತಾವೇನು?"

ಅದೇ ಅವನ ಗಟ್ಟಿ ಆಸರೆ. ಆ ಖೋಲಿಗೆ ಹಿಂಬದಿಯಿಂದಲೂ ಬಾಗಿಲಿತ್ತು. ಇಳಿದು ಹೋಗಿ, ಲೋಕಲ್ ರೈಲು ಹಿಡಿದು ಚಿಂಚವಾಡ ಮುಟ್ಟಿ ಬರಲು ಮೂರು ತಾಸು ಸಾಕು. ಆದರೆ ದಿನವಿಡೀ ಆಟ ಆಡಿದ ಸಾಕ್ಷಿಯಾಗಿ ಈ ಹನ್ನೊಂದು ಚಿತ್ರಗಳಿದ್ದವು. ಅಂದು ಬೆಳಿಗ್ಗೆ ಆಟದ ಸೀಡಿ ಪೊಟ್ಟಣದಲ್ಲಿ ಬಂದದ್ದನ್ನು ಇಡೀ ಆಫೀಸು ನೋಡಿತ್ತು, ಅದಕ್ಕೆ ಮೊದಲು ತೆಗೆದಿಟ್ಟುಕೊಂಡವು ಎನ್ನುವಂತೆಯೂ ಇರಲಿಲ್ಲ.

ಈರಬಸಪ್ಪನಿಗೆ ಆಟದ ಗಂಧ ಗಾಳಿ ಇರಲಿಲ್ಲ. ಐವತ್ನಾಲ್ಕನೆಯ ವಯಸ್ಸಿನಲ್ಲಿ ಸ್ವಾರಗೇಟಿನ ಸೈಬರ್ ಕೆಫೆಯೊಂದರಲ್ಲಿ ಮೂರು ದಿನ ಕೂತು ಮೊದಲ ಭಾಗವನ್ನು ಆಡಿ ಬಂದಿದ್ದ. ಕಬ್ಬಿಣದ ಜೇಡಗಳು ಅವನನ್ನು ನಲವತ್ತು ಸಲ ಕೊಂದವು. ಪಕ್ಕದ ಕಾಲೇಜು ಹುಡುಗರು "ಆಜೋಬಾ ಮೇಲೇ!" ಅಜ್ಜ ಸತ್ತ ಎಂದು ಪ್ರತಿ ಸಲವೂ ಕೇಕೆ ಹಾಕಿದರು. ತನ್ನನ್ನು ನೋಡಿ ನಕ್ಕವರನ್ನು ಅವನು ಮರೆಯುವವನಲ್ಲ. ಆದರೆ ಆ ಮೂರು ದಿನದಲ್ಲಿ ಒಂದು ಸಂಗತಿ ಕಲಿತ. ಎಷ್ಟೇ ಚೆನ್ನಾಗಿ ಆಡುವವನ ಅಂಕಿಯೂ ತೊಂಬತ್ತು, ಅರವತ್ತು, ಮೂವತ್ತೈದು ಎಂದು ಇಳಿಯುತ್ತಲೇ ಇರುತ್ತದೆ.

"ಪಿಂಪ್ರಿ ಕಾರ್ಖಾನ್ಯಾಗ ಇಪ್ಪತ್ತೆರಡು ವರ್ಷ ವಿಜಿಲೆನ್ಸ್‌ನಾಗ ಇದ್ದೆ ನಾ," ಎಂದ ಈರಬಸಪ್ಪ. "ಲೇಥ್ ಮುಂದ ನಿಂತಾವನ ದಿನದ ಕಾರ್ಡಿನಾಗ ಎಷ್ಟು ಪೀಸ್ ತಗದ, ಎಷ್ಟು ರಿಜೆಕ್ಟ್ ಆದವು ಅಂತ ಬರದಿರ್ತದ. ಖರೇ ಕೆಲಸ ಮಾಡಿದಾವಂದು ನಾಕಾರ ರಿಜೆಕ್ಟ್ ಇದ್ದ ಇರ್ತಾವ. ಒಂದೂ ರಿಜೆಕ್ಟ್ ಇಲ್ಲದ ಕಾರ್ಡ್ ಬಂತಂದ್ರ ನಾ ಸೀದಾ ಹೋಗಿ ಅವನ ಕೊರಳಪಟ್ಟಿ ಹಿಡೀತಿದ್ದೆ. ಅವ ಕೆಲಸಕ್ಕ ಬಂದಿರ್ತಿದ್ದಿಲ್ಲ. ಕಾರ್ಡ್ ತುಂಬಿದಾವ ಬ್ಯಾರೆ ಇರ್ತಿದ್ದ."

ಬಸವಪ್ರಭುವಿನ ಖುರ್ಚಿ ಮೆಲ್ಲಗೆ ನೆಟ್ಟಗಾಯಿತು.

"ನಿಮ್ಮ ಕಾರ್ಡ್ ಯಾರು ತುಂಬಿದ್ರು?"

"ಇದು ಲೇಥ್ ಅಲ್ರಿ ಸರ."

"ಹಂಗಾರ ಆಡಿ ತೋರಸ್ರಿ."

ಖೋಲಿಗೂ ಹೊರಗಿನ ಹಾಲಿಗೂ ನಡುವೆ ಗಾಜಿನ ಗೋಡೆ. ಅದಕ್ಕೆ ಇಳಿಬಿಟ್ಟಿದ್ದ ಪರದೆಯನ್ನು ಈರಬಸಪ್ಪ ಹಗ್ಗ ಜಗ್ಗಿ ಮೇಲೆತ್ತಿದ. ಅದೇನೂ ಬೇಕಾಗಿರಲಿಲ್ಲ. ಆದರೆ ನಾಲ್ಕು ಜನರ ಎದುರಿಗೆ ಮನುಷ್ಯ ಬೇಗ ಮುರಿಯುತ್ತಾನೆ ಎಂಬುದು ಅವನ ಅನುಭವ, ಮುರಿಯುವುದನ್ನು ನೋಡುವುದು ಅವನ ಚಟ. ಹೊರಗೆ ಏಳೆಂಟು ಮಂದಿ ತಲೆಯೆತ್ತಿದರು. ಸಂಪಾದಕಿ ಮಾಧುರಿ ಚಹಾದ ಕಪ್ಪು ಹಿಡಿದುಕೊಂಡೇ ಗಾಜಿನ ಹತ್ತಿರ ಬಂದಳು.

"ಈಗ ಬ್ಯಾಡ್ರಿ," ಎಂದ ಬಸವಪ್ರಭು. ದನಿ ಇಳಿದಿತ್ತು.

"ಎರಡನೇ ಹಂತ. ಹತ್ತು ನಿಮಿಷ. ನೂರು ನೂರಾಗೇ ಉಳೀತಂದ್ರ ನಾ ನಿಮ್ಮ ಕಾಲು ಮುಟ್ಟಿ ಹೋಗ್ತೀನಿ."

ಆಟ ಶುರುವಾಯಿತು. ಪರದೆಯ ಮೇಲೆ ತಾಮ್ರದ ಬಣ್ಣದ ನೆಲ, ಕಪ್ಪು ಆಕಾಶ, ಕೈಯಲ್ಲೊಂದು ದಪ್ಪ ಬಂದೂಕು.

ಈರಬಸಪ್ಪ ಬೆರಗಾದ. ಹುಡುಗ ಚೆನ್ನಾಗಿಯೇ ಆಡುತ್ತಿದ್ದ. ಬೆರಳುಗಳು ಕೀಲಿಗಳ ಮೇಲೆ ನೋಡದೆಯೇ ಓಡುತ್ತಿದ್ದವು. ಎರಡು ಜೇಡ ಸತ್ತವು, ಮೂರನೆಯದೂ ಸತ್ತಿತು. ಅಂಕಿ ತೊಂಬತ್ತೆರಡಕ್ಕೆ ಇಳಿಯಿತು. ನಾನೇ ತಪ್ಪಿದೆನೇನೋ ಎಂದು ಈರಬಸಪ್ಪನಿಗೆ ಒಂದು ಗಳಿಗೆ ಅಳುಕಾಯಿತು.

ಆಮೇಲೆ ಅವನು ಪರದೆ ಬಿಟ್ಟು ಹುಡುಗನ ಮುಖ ನೋಡಿದ.

ಬಸವಪ್ರಭು ಕಣ್ಣನ್ನು ಅರ್ಧ ಮುಚ್ಚಿದ್ದ. ಮತ್ತೆ ಮತ್ತೆ ಉಗುಳು ನುಂಗುತ್ತಿದ್ದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪರದೆಯ ಮೇಲಿನ ಲೋಕ ಗಿರ್ರನೆ ಹೊರಳಿದಾಗಲೆಲ್ಲ ಅವನ ಹೆಗಲು ನಡುಗುತ್ತಿತ್ತು. ನಾಲ್ಕನೆಯ ನಿಮಿಷಕ್ಕೆ ಅವನು ಕೈ ಹಿಂದೆಗೆದ.

"ಸಾಕ್ರಿ."

"ಹತ್ತು ನಿಮಿಷ ಅಂದೀನಿ." ಈರಬಸಪ್ಪ ಅವನ ಖುರ್ಚಿಯ ಹಿಂದೆ ನಿಂತು, ಎರಡೂ ಕೈಯಿಂದ ಅದನ್ನು ಮೇಜಿಗೆ ಒತ್ತಿ ಹಿಡಿದ. "ನೋಡು. ಕಣ್ಣು ತಗದು ನೋಡು."

"ಸರ, ಆಗೂದಿಲ್ರಿ."

"ಹೊಳ್ಳು. ಎಡಕ್ಕ ಹೊಳ್ಳು. ಅಲ್ಲೊಂದು ಜ್ಯಾಡ ಬಂತು ನೋಡು."

ಬಸವಪ್ರಭು ಎಡಕ್ಕೆ ಹೊರಳಿಸಿದ. ಮರುಗಳಿಗೆಯೇ ಕಸದ ಬುಟ್ಟಿಗೆ ಬಗ್ಗಿ, ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡ.

ಗಾಜಿನಾಚೆ ಯಾರೋ, "ಕಾಲ್ ಜಾಸ್ತ ಝಾಲೀ ವಾಟ್ತಂ," ನಿನ್ನೆ ಕುಡಿದದ್ದು ಹೆಚ್ಚಾಗಿರಬೇಕು ಎಂದು ನಕ್ಕರು. ಉಳಿದವರೂ ನಕ್ಕರು. ಪಕ್ಷಕ್ಕೊಮ್ಮೆ ಇನ್ನೊಬ್ಬರ ಮಾನ ಕಳೆಯುತ್ತಿದ್ದವನ ಮಾನ ಹೋಗುವುದನ್ನು ನೋಡಲು ಅವರಿಗೂ ಹಿತವಾಗಿತ್ತು.

ಈರಬಸಪ್ಪನಿಗೆ ಖುಷಿಯಾಯಿತು. ಸುಳ್ಳು ಏಕೆ ಹೇಳಬೇಕು, ಬಹಳ ಖುಷಿಯಾಯಿತು. ಬೇಕಾದದ್ದು ಸಿಕ್ಕಿತ್ತು, ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ನೀರಿನ ಬಾಟಲಿಯನ್ನು ಕೈಗೆ ಕೊಟ್ಟು, ಬಾಯಿ ಮುಕ್ಕಳಿಸುವಷ್ಟು ಹೊತ್ತು ಕಾದು, "ಇನ್ನೊಮ್ಮೆ ಚಾಲೂ ಮಾಡು," ಎಂದ.

"ಕೈ ಮುಗೀತೀನಿ, ಸರ."

"ಚಾಲೂ ಮಾಡು."

ಎರಡನೆಯ ಸಲ ಒಂದೂವರೆ ನಿಮಿಷವೂ ಆಗಲಿಲ್ಲ. ಹೊಟ್ಟೆಯಲ್ಲಿ ಹೊರಬರಲು ಏನೂ ಉಳಿದಿರಲಿಲ್ಲ, ಆದರೂ ಅವನು ಬುಟ್ಟಿಯ ಮೇಲೆ ಬಗ್ಗಿ ಓಕರಿಸುತ್ತಲೇ ಇದ್ದ. ಕಣ್ಣು, ಮೂಗು ಎರಡರಿಂದಲೂ ನೀರು ಸುರಿಯುತ್ತಿತ್ತು. ಈ ಸಲ ಗಾಜಿನಾಚೆ ಯಾರೂ ನಗಲಿಲ್ಲ.

"ಎಷ್ಟು ದಿನದಿಂದ?"

"ಹ್ವಾದ ದೀಪಾವಳಿಯಿಂದ. ಕಿವಿ ಒಳಗಿನ ತ್ರಾಸ ಅಂತಾರ ಡಾಕ್ಟರು. ಪರದೆ ಮ್ಯಾಲೆ ನೆಲ ಹೊಳ್ಳಿತಂದ್ರ ನನ್ನ ತಲೀನೂ ಹೊಳ್ಳತದ."

"ಅಂದ್ರ ಒಂದು ವರ್ಷ ಆತು. ಈ ಒಂದು ವರ್ಷ ಯಾರು ಆಡಿದ್ರು?"

ಬಸವಪ್ರಭು ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ.

"ಶಿವ್ಯಾ," ಎಂದ.

"ಯಾವ ಶಿವ್ಯಾ? ಸತ್ತಾವ?"

"ಹುಬ್ಬಳ್ಳ್ಯಾಗ ಒಂದೇ ಹಾಸ್ಟೆಲ್, ಒಂದೇ ಖೋಲಿ ನಮ್ಮದು. ನನಗ ಹಿಂಗಾಗ್ಯದ ಅಂತ ಅವಗ ಒಬ್ಬವಗೇ ಗೊತ್ತಿತ್ತು. ಬಂದೂಕಿನ ಆಟ ಎಲ್ಲಾ ಅವನೇ ಆಡ್ತಿದ್ದ. ಫೋಟೋ ತಗದು, ಎಲ್ಲೆಲ್ಲಿ ಏನು ಸರಿ ಇಲ್ಲ ಅಂತ ಬರದು ಮೇಲ್ ಮಾಡ್ತಿದ್ದ. ಅದನ್ನ ನೋಡಿ ನಾ ಬರೀತಿದ್ದೆ."

"ತನ್ನ ಆಟಾನೂ ಅವನೇ ಆಡಿ ಕಳಿಸಿದ?"

"ಮತ್ತ್ಯಾರನ್ನ ಕೇಳ್ಲಿ? ಅಂಕ ಅವತ್ತ ಸಂಜೀಕ ಹೋಗೂದಿತ್ತು. ಗಡಬಡ್ಯಾಗ ಸಾವಿಲ್ಲದ ಕೋಡ್ ಹಾಕ್ಕೊಂಡು ಓಡ್ಯಾನ. ಪರೀಕ್ಷೆ ಮಾಡಾಕ ಅಂತ ಆಟ ಮಾಡಾವ್ರು ಅಂಥಾದ್ದು ಇಟ್ಟಿರ್ತಾರ. ಎಷ್ಟು ಗುಂಡು ಬಿದ್ರೂ ನೂರು ನೂರೇ ಇರ್ತದ. ನಾ ಮೂಲ್ಯಾಗಿನ ಅಂಕಿ ನೋಡ್ಲೇ ಇಲ್ಲ."

"ಅವ ನಿನಗ ಒಂದು ವರ್ಷ ಅನ್ನ ಹಾಕಿದ. ನೀ ಅವಂದು ಹಿಂಗ ಬರದಿ."

"ಆಟ ಚಲೋ ಇದ್ದಿಲ್ರಿ," ಎಂದ ಬಸವಪ್ರಭು. ಅದನ್ನು ಮಾತ್ರ ತಲೆಯೆತ್ತಿ ಹೇಳಿದ. "ಬಾಗಿಲು ಸಿಗೂದಿಲ್ಲ, ಉಸಿರು ಕಟ್ಟತದ ಅಂತ ಶಿವ್ಯಾನೇ ಬರದಿದ್ದ. ಸುಳ್ಳು ಬರೀಬ್ಯಾಡ ಅಂತನೂ ಬರದಿದ್ದ. ನಾ ಬರೇ ಚೂಪು ಮಾಡಿದೆ."

ಈರಬಸಪ್ಪ ಕಿವಿಗೊಡಲಿಲ್ಲ. ಅವನ ತಲೆಯಲ್ಲಿ ಆಗಲೇ ಲೆಕ್ಕ ಮುಗಿದಿತ್ತು. ಚಿತ್ರಗಳ ಸಾಕ್ಷಿ ಕಳಚಿಬಿದ್ದಿತು, ಹಿಂದಿನ ಬಾಗಿಲು ತೆರೆಯಿತು. ಇವನು ಬರೆಯುವುದು ಏನೆಂದು ಶಿವಪ್ರಕಾಶನಿಗೆ ತಿಳಿದಿರಬೇಕು, ನಿನ್ನ ಗುಟ್ಟು ಬಯಲು ಮಾಡುತ್ತೇನೆ ಎಂದಿರಬೇಕು, ಇವನು ಚಿಂಚವಾಡಕ್ಕೆ ಓಡಿರಬೇಕು. ಕೊಲೆಗಾರ ಸಿಕ್ಕಿದ. ಇನ್ನೇನಿದ್ದರೂ ಇನ್‌ಸ್ಪೆಕ್ಟರಿಗೆ ಒಪ್ಪಿಸುವುದು.

ಒಪ್ಪಿಸುವ ಮೊದಲು ಇನ್ನೊಂದು ಕೆಲಸ ಮಾಡಿದ. ಬಾಗಿಲು ತೆರೆದು, ಇಡೀ ಹಾಲಿಗೆ ಕೇಳುವಂತೆ ಮರಾಠಿಯಲ್ಲಿ ಕೂಗಿ ಹೇಳಿದ: ನಿಮ್ಮ ಹುಲಿ ಒಂದು ವರ್ಷದಿಂದ ಒಂದೂ ಆಟ ಆಡಿಲ್ಲ, ಸತ್ತ ಸ್ನೇಹಿತನ ಎಂಜಲು ತಿಂದು ಬರೆದಿದ್ದಾನೆ, ಈಗ ಬಂದು ಬುಟ್ಟಿ ನೋಡಿರಿ.

ಮಾಧುರಿ ಬುಟ್ಟಿಯನ್ನು ನೋಡಲಿಲ್ಲ, ಬಸವಪ್ರಭುವನ್ನು ನೋಡಿದಳು. ಹೌದೇನೋ ಎಂದು ಕೇಳಿದಳು. ಅವನು ತಲೆಯಾಡಿಸಿದ. ಐದು ಗಂಟೆಯೊಳಗೆ ಮೇಜು ಖಾಲಿ ಮಾಡು, ನಿನ್ನ ಹೆಸರನ್ನು ಮುಂದಿನ ಸಂಚಿಕೆಯಲ್ಲಿ ಹಾಕಿ ಓದುಗರ ಕ್ಷಮೆ ಕೇಳುತ್ತೇನೆ ಎಂದು ಹೇಳಿ, ಚಹಾದ ಕಪ್ಪನ್ನು ಅಲ್ಲೇ ಇಟ್ಟು ಹೋದಳು.

ಕೂಗು ಕೇಳಿ ಅವ್ವಮ್ಮ ಎದ್ದು ಬಂದಿದ್ದಳು. ನುಣ್ಣನೆಯ ನೆಲದ ಅಂಜಿಕೆ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಖೋಲಿಯ ಬಾಗಿಲಲ್ಲಿ ನಿಂತಳು.

"ಸಿಕ್ಕನೇನ್ರಿ ಯಪ್ಪಾ?"

"ಸಿಕ್ಕ," ಎಂದ ಈರಬಸಪ್ಪ.

"ಸಿಕ್ಕಿಲ್ಲ," ಎಂದ ಬಸವಪ್ರಭು.

ಅವನು ಖುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಮುಖ ತೊಳೆದವನಂತೆ ಶಾಂತವಾಗಿತ್ತು. ಆಟವನ್ನು ಮುಚ್ಚಿ, ತನ್ನ ಅಂಚೆಪೆಟ್ಟಿಗೆಯನ್ನು ತೆರೆದು, ಪರದೆಯನ್ನು ಈರಬಸಪ್ಪನ ಕಡೆಗೆ ತಿರುಗಿಸಿದ.

"ಶಿವ್ಯಾ ಫೋಟೋ ಕಳಿಸಿದ ಮೇಲ್. ಎಷ್ಟು ಗಂಟೆಗೆ ಬಂದದ, ನೀವೇ ಓದ್ರಿ."

ಗುರುವಾರ, 3 ಗಂಟೆ 52 ನಿಮಿಷ.

ಮೂರೂಕಾಲಿಗೆ ಸತ್ತನೆಂದು ಪೊಲೀಸರು ಬರೆದುಕೊಂಡವನು ಮೂರೂ ಐವತ್ತೆರಡಕ್ಕೆ ಜೀವಂತ ಕೂತು ಮೇಲ್ ಕಳಿಸಿದ್ದ! ಆಮೇಲೆ ಆರರೊಳಗೆ ವಿಮರ್ಶೆ ಬರೆದು ಕೊಟ್ಟ ಈ ಹುಡುಗ ಚಿಂಚವಾಡಕ್ಕೆ ಹೋಗಿ ಬಂದಿರುವಂತೆಯೂ ಇರಲಿಲ್ಲ. ಚಹಾದ ಅಂಗಡಿಯವನು ಕೇಳಿದ್ದು ಸಿಮೆಂಟ್ ಚೀಲ ಬಿದ್ದ ಸದ್ದಿರಬೇಕು. ಭೀಮುವನ್ನು ಕಂತ್ರಾಟುದಾರ ಮೂರೂವರೆಗೇ ಲಾರಿಯಲ್ಲಿ ಚಾಕಣಕ್ಕೆ ಉಸುಕು ತುಂಬಲು ಕಳಿಸಿದ್ದ, ಅಲ್ಲಿ ಹಾಜರಿ ಪುಸ್ತಕದಲ್ಲಿ ಅವನ ಹೆಬ್ಬೆಟ್ಟು ಇತ್ತು. ಆ ಪುಸ್ತಕವನ್ನು ಈರಬಸಪ್ಪ ಸ್ವತಃ ನೋಡಿ ಬಂದಿದ್ದ. ಸಾವು ಮೂರೂಕಾಲಿಗೇ ಆಗಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲವೆಂದು ಕೈಬಿಟ್ಟಿದ್ದ. ಈಗ ಈ ಒಂದು ಕಾಗದ ಅದರ ಜೊತೆಗೆ ಕೋರ್ಟಿಗೆ ಹೋದರೆ ಸಾಕು, ಭೀಮು ಮನೆಗೆ ಬರುತ್ತಾನೆ.

"ಮೊದಲೇ ಯಾಕ ತೋರಿಸ್ಲಿಲ್ಲ?"

"ತೋರಿಸಿದ್ರ ನಾ ಆಡಿಲ್ಲ ಅಂತ ಗೊತ್ತಾಗ್ತಿತ್ತು. ನೌಕರಿ ಹೋಗ್ತಿತ್ತು. ಅಂಜಿ ಸುಮ್ಮಿದ್ದೆ. ನಿದ್ದಿ ಇಲ್ರಿ ನನಗ ಆರು ದಿನದಿಂದ. ಇವತ್ತ ನೀವು ಬರ್ತೀರಿ ಅಂತ ಗೊತ್ತಾತು. ಖೋಲಿ ಬಾಗಿಲು ಹಾಕಿ, ಇಬ್ಬರೇ ಕೂತಾಗ, ನನ್ನ ಹೆಸರು ಹೊರಗ ಬಿಡಬ್ಯಾಡ್ರಿ ಅಂತ ಕೇಳ್ಕೊಂಡು ಕೊಟ್ಟಬಿಡೂದು ಅಂತ ಮಾಡಿದ್ದೆ. ಅಷ್ಟರಾಗ ನೀವು ಗಾಜಿನ ಮ್ಯಾಲಿನ ಪರದೆ ಎತ್ತಿದ್ರಿ."

"ಆತು ತಮ್ಮಾ, ಈಗರ ಕೊಡು. ಪ್ರಿಂಟ್ ತಗಿ," ಎಂದ ಈರಬಸಪ್ಪ. ಅವನ ದನಿ ತಾನಾಗಿಯೇ ಮೆತ್ತಗಾಗಿತ್ತು. "ಈಗ ನೌಕರೀನೂ ಹೋಗ್ಯದ. ಇನ್ನ್ಯಾಕ ಅಂಜಿಕಿ?"

"ಹೌದ್ರಿ. ಈಗ ಅಂಜಿಕಿ ಇಲ್ಲ."

ಅವನ ಬೆರಳು ಒಂದು ಸಲ ಆಡಿತು. ಮೇಲ್ ಅಳಿಸಿಹೋಯಿತು. ಇನ್ನೊಂದು ಸಲ ಆಡಿತು. ಅಳಿಸಿದ್ದು ಹೋಗಿ ಬೀಳುವ ಕಸದಲ್ಲಿದ್ದದ್ದೂ ಹೋಯಿತು. ಈರಬಸಪ್ಪ ಹಾರಿ ಅವನ ಕೈ ಹಿಡಿಯುವಷ್ಟರಲ್ಲಿ ಪರದೆ ಬೆಳ್ಳಗೆ ಖಾಲಿಯಾಗಿತ್ತು.

"ಏ! ಏನ್ ಮಾಡಿದಿ!"

"ಇನ್ನೊಂದು ಪ್ರತಿ ಶಿವ್ಯಾನ ಹಾರ್ಡ್ ಡಿಸ್ಕಿನಾಗ ಅದ. ಅದು ಎಲ್ಲದ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಈರಬಸಪ್ಪ ಅವನ ಅಂಗಿಯನ್ನು ಹಿಡಿದು ಎತ್ತಿದ. ಬಸವಪ್ರಭು ಬಿಡಿಸಿಕೊಳ್ಳಲಿಲ್ಲ. ಬಾಯಿಯಿಂದ ಇನ್ನೂ ಹುಳಿ ವಾಸನೆ ಬರುತ್ತಿತ್ತು.

"ಹೊಡೀರಿ. ಹೊರಗ ಎಲ್ಲಾರೂ ನೋಡಾಕತ್ತಾರ. ಆದ್ರ ಇನ್ನೊಂದು ಮಾತು ಕೇಳಿ ಹೊಡೀರಿ. ಆ ಮೇಲಿನಾಗ ಕಡೀಕ ಒಂದು ಸಾಲಿತ್ತು. ಪರದೆ ತಿರುಗಿಸೂ ಮುಂದ ನಿಮಗ ಕಾಣಬಾರದಂತ ಕೆಳಗ ಸರಿಸಿದ್ದೆ. 'ಇನ್ನ ಬರಿಯಾಕ ಆಗೂದಿಲ್ಲೋ, ಮ್ಯಾಲೆ ಬಂದಾರ' ಅಂತ ಬರದಿದ್ದ ಶಿವ್ಯಾ. ಯಾರು ಬಂದಾರ ಅಂತನೂ ಬರದಿದ್ದ. ಹೆಸರು ಹಿಡದು."

ಈರಬಸಪ್ಪನ ಕೈ ಸಡಿಲಾಯಿತು.

"ಯಾರು?"

ಬಸವಪ್ರಭು ಅಂಗಿಯ ಗುಂಡಿ ಸರಿಮಾಡಿಕೊಂಡ. ಮೇಜಿನ ಮೇಲಿದ್ದ ತನ್ನ ಪೆನ್ನು, ಕನ್ನಡಕದ ಡಬ್ಬಿ, ಮೊಬೈಲ್ ಚಾರ್ಜರ್ ಒಂದೊಂದಾಗಿ ಚೀಲಕ್ಕೆ ಹಾಕಿದ.

"ತಮ್ಮಾ, ಯಾರು ಹೇಳಪ್ಪಾ. ಒಂದು ಜೀವದ ಪ್ರಶ್ನೆ ಅದ."

"ನಾಳೆ ಹನ್ನೊಂದು ಹೊಡದ ಮ್ಯಾಲೆ ಬರ್ರಿ," ಎಂದ ಬಸವಪ್ರಭು. "ಹೇಳ್ತೀನಿ."

ಚೀಲ ಹೆಗಲಿಗೇರಿಸಿ ಅವನು ಬಾಗಿಲ ಕಡೆಗೆ ನಡೆದ. ಅವ್ವಮ್ಮ ದಾರಿಗೆ ಅಡ್ಡ ನಿಲ್ಲಲಿಲ್ಲ. ಅವಳು ಬಂದ ಮೇಲೆ ಇಬ್ಬರ ನಡುವಿನ ಮಾತೆಲ್ಲ ಕನ್ನಡದಲ್ಲೇ ನಡೆದಿತ್ತು, ಒಂದು ಮಾತೂ ಬಿಡದೆ ಅವಳಿಗೆ ತಿಳಿದಿತ್ತು. ಹೋಗುವವನನ್ನು ಅವಳು ಬೈಯಲಿಲ್ಲ. ಚಪ್ಪಲಿಯನ್ನು ಎದೆಗೆ ಅವುಚಿಕೊಂಡು, ತಿರುಗಿ ಈರಬಸಪ್ಪನ ಮುಖವನ್ನೇ ನೋಡಿದಳು.

"ಯಪ್ಪಾ, ಅಷ್ಟ್ಯಾಕ ಅವನಿಗಿ ಗೋಳು ಹೊಯ್ಕೊಂಡ್ರಿ? ಚಂದಾಗಿ ಕೇಳಿದ್ರ ಕೊಡ್ತಿದ್ದಲ್ರೀ."